ಹತ್ತಕ್ಕೆ ಎಷ್ಟು

ಇನ್ನೂರು ಪುಟದ ಲೆಕ್ಕದ ಪುಸ್ತಕ, ಮೂಲೆ ಎಣ್ಣೆ ಹೀರಿದೆ.
ಗೆರೆ ಎಳೆದವನು ನಾನು: ನೊರೆ, ತಂಪು, ಕಹಿ,
ಜೊತೆಗೆ ಬಂದ ತಟ್ಟೆ, ಕೈ ತೊಳೆಯುವ ಜಾಗ,
ಕೊನೆಗೊಂದು ಖಾನೆ, ಹೆಸರಿಲ್ಲದ್ದು,
ಮತ್ತೆ ಬರಬೇಕೆನಿಸಿತೋ ಎಂಬುದಕ್ಕೆ.
ಮೂವತ್ತು ವರ್ಷ ಎಸ್ಸೆಸ್ಸೆಲ್ಸಿ ಗಣಿತ ತಿದ್ದಿದ ಕೈ;
ಕೆಂಪು ಪೆನ್ನಿಲ್ಲದೆ ಕುಡಿಯಲೂ ಬಾರದು.

ಶನಿವಾರಕ್ಕೊಂದು.
ಹಳೇ ಬಸ್‌ಸ್ಟ್ಯಾಂಡಿನ ಹಿಂದಿನದಕ್ಕೆ ಆರೂವರೆ:
ಬಿಯರು ಬೆಚ್ಚಗೆ, ಶೇಂಗಾದಲ್ಲಿ ಮಾತ್ರ
ಈರುಳ್ಳಿ ಹೆಚ್ಚಿದವನ ಮನಸ್ಸಿತ್ತು.
ಹದಡಿ ರಸ್ತೆಯದಕ್ಕೆ ನಾಲ್ಕು:
ಟೀವಿಯ ಗದ್ದಲಕ್ಕೆ ಎರಡು ಕಳೆದೆ,
ಕೊಟ್ರಗೌಡ ವಾದ ಮಾಡಿ ಒಂದು ವಾಪಸು ಹಾಕಿಸಿದ.
"ಚಿಲ್ರೆ ಎಣಿಸಿ ಕೊಟ್ಟಾನಲೇ, ಅದು ಲೆಕ್ಕಕ್ಕಿಲ್ಲೇನು?"
ದಾದಾಪೀರ್ ಕುಡಿಯುವುದಿಲ್ಲ. ಆಟೋ ಅವನದು.
ನಿಂಬೆ ಸೋಡಾ ಹೀರುತ್ತ ತಟ್ಟೆಯ ಖಾನೆ ತುಂಬುತ್ತಾನೆ.
ಕಬಾಬಿಗೆ ಬಣ್ಣ ಬಿದ್ದಿದ್ದರೆ ಸೊನ್ನೆ. ಅಪೀಲಿಲ್ಲ.

ರುದ್ರಮುನಿಗೆ ರುಚಿ ಹೋಗಿ ಎರಡು ವರ್ಷ.
ದವಡೆಗೆ ಕರೆಂಟು ಕೊಟ್ಟರು, ಗಂಟು ಕರಗಿತು,
ನಾಲಿಗೆ ತೊಳೆದಿಟ್ಟ ಸ್ಲೇಟಾಯಿತು.
ಈಗ ಲೋಟವನ್ನು ಬಾಯಿಗಲ್ಲ, ಕಿವಿಗೆ ಹಿಡಿಯುತ್ತಾನೆ,
ನೊರೆ ಒಡೆಯುವುದನ್ನು ಕೇಳುತ್ತಾನೆ.
"ಇದು ಬಡಬಡ ಸಾಯ್ತೈತಿ, ಮೂರು ಹಾಕು."
ಆಮೇಲೆ ಲೋಟ ನನ್ನ ಕಡೆ ಸರಿಸುತ್ತಾನೆ.
ಮಿರ್ಚಿ ಮುರಿಯುವ ಸದ್ದಿಗೂ ಅಂಕ.
ಮೊದಲ ವಾರ ನಾವು ನಗಲಿಲ್ಲ; ಎರಡನೇ ವಾರ
ಅವನೇ ನಗಿಸಿದ.

ಬೈಪಾಸಿನ ಪಕ್ಕ ಹೊಸದೊಂದು ಬಂದಿದೆ.
ಬಾಟಲಿಯಿಲ್ಲ; ಅಲ್ಲೇ ಕಾಯಿಸಿ, ಅಲ್ಲೇ ಹುಳಿಸಿ, ಅಲ್ಲೇ ಇಳಿಸುತ್ತಾರಂತೆ.
ಬಾಗಿಲ ಹುಡುಗ ನಮ್ಮ ಚಪ್ಪಲಿ ನೋಡಿದ,
ಕೊಟ್ರಗೌಡ ಅವನ ಬೂಟು ನೋಡಿದ. ಸಮ.
ಮೆನುವಿನಲ್ಲಿ ನಮ್ಮ ಮಂಡಕ್ಕಿಯೇ, ಗಾಜಿನ ಬಟ್ಟಲಲ್ಲಿ,
ನೂರಾ ಎಂಬತ್ತು ರೂಪಾಯಿ!
ಭಟ್ಟಿಗಳ ಹೊಗೆಯಲ್ಲೇ ಬೆಳೆದ ದಾದಾಪೀರ್
ಒಂದು ಕಾಳನ್ನು ಬೆರಳಲ್ಲಿ ಒತ್ತಿ "ನಿನ್ನೇದು" ಅಂದ.
ಬಟ್ಟಲು ದೂರ ತಳ್ಳಿದ.

ಗೋಧಿ ಬಿಯರು ಬಂತು, ಮಬ್ಬು, ಗಂಜಿಯ ಬಣ್ಣ.
ಬಾಳೆಹಣ್ಣಿನ ವಾಸನೆ ಎಂದೆ.
"ಯಾವ ಬಾಳೆ?" ಕೇಳಿದ ರುದ್ರಮುನಿ.
ಇನ್ನೊಂದು ಗುಟುಕು ಬೇಕಾಯಿತು.
"ಪುಟ್ಟಬಾಳೆ. ಎರಡು ದಿನ ಇಟ್ಟದ್ದು."
ಕಣ್ಣು ಮುಚ್ಚಿ ತಲೆಯಾಡಿಸಿದ.

ಆಮೇಲೆ ಎದ್ದು ಹೋದ.
ಗಾಜಿನ ಗೋಡೆಯಾಚೆ ತಾಮ್ರದ ಹಂಡೆಗಳು,
ಆಳೆತ್ತರ, ತುಂಬು ಬಸುರಿಯರಂಥವು,
ಉಗಿಯ ಕೊಳವೆ, ನಡುಗುವ ಮುಳ್ಳು.
ಹತ್ತಿ ಗಿರಣಿಯ ಬಾಯ್ಲರಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವನು.
ಗಿರಣಿ ಹೋಯಿತು, ಚಿಮಣಿಯ ಜಾಗ ಸೈಟುಗಳಾಯಿತು,
ನಿಲ್ಲುವ ಭಂಗಿ ಹೋಗಿರಲಿಲ್ಲ:
ಎಡಗಾಲು ಮುಂದೆ, ಕಿವಿ ಗಾಜಿಗೆ.
ಎರಡು ಬೆರಳಲ್ಲಿ ತಟ್ಟಿದ.
ಒಳಗಿನ ಹುಡುಗಿ ತಿರುಗಿದಳು, ರಬ್ಬರು ಬೂಟು, ತಲೆಗೆ ಬಲೆ.
"ತಂಗೀ, ಮೂರನೇ ವಾಲ್ವು ಅಳ್ತೈತಿ."
ಅವಳಿಗೆ ಕೇಳಿಸಲಿಲ್ಲ. ಕೈಯಲ್ಲಿ ತೋರಿಸಿದ:
ಮೂರು ಬೆರಳು, ಆಮೇಲೆ ಕಣ್ಣೊರೆಸುವ ಸನ್ನೆ.
ಇಡೀ ಹಾಲು ಅವನನ್ನೇ ನೋಡಿತು,
ಕುಡಿದ ಮುದುಕ ಅಳುತ್ತಿದ್ದಾನೆ ಎಂದುಕೊಂಡಿತೋ ಏನೋ.
ಅವಳು ಬಗ್ಗಿದಳು. ಕೈಯಿಟ್ಟಳು. ಚಟಕ್ಕನೆ ತೆಗೆದಳು.
ಸ್ಪ್ಯಾನರು ತಂದಳು.

ಬಿಲ್ಲಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ. ನಾವೂ ಕೇಳಲಿಲ್ಲ.
ಆಟೋದಲ್ಲಿ ಪುಸ್ತಕ ತೆಗೆದೆ,
ಬೀದಿದೀಪ ಸಿಕ್ಕಾಗೊಂದೊಂದು ಅಂಕ ಬರೆದೆ:
ನೊರೆ ಎಂಟು. ಕಹಿ ಏಳು. ಮಂಡಕ್ಕಿ ಸೊನ್ನೆ.
ಹೆಸರಿಲ್ಲದ ಖಾನೆಗೆ ಬಂದು ರುದ್ರಮುನಿಯನ್ನು ನೋಡಿದೆ.
ಗಾಜಿಗೆ ತಣ್ಣಗಾದ ಕಿವಿ ಉಜ್ಜಿಕೊಳ್ಳುತ್ತಿದ್ದ.
"ಆ ಗ್ಯಾಸ್ಕೆಟ್ಟು ವಾರದ ಮ್ಯಾಲೆ ತಡ್ಯಾಂಗಿಲ್ಲ," ಅಂದ,
"ಬರೋ ಶನಿವಾರಾನೂ ಇಲ್ಲಿಗೇ ಹಾಕ್ಕೋ."

ರೈಲ್ವೆ ಗೇಟು ಬಿದ್ದಿತ್ತು.
ದಾದಾಪೀರ್ ಇಳಿದು ಹೋಗಿ ಕಾಗದದ ಪೊಟ್ಟಣ ತಂದ,
ಬಿಸಿ ಮಿರ್ಚಿ, ಈಗಷ್ಟೇ ಕಲಸಿದ ಮಂಡಕ್ಕಿ.
ರುದ್ರಮುನಿ ಮುರಿದ.
ಅದೇ ಹೊತ್ತಿಗೆ ಗೂಡ್ಸು ಬಂತು, ಐವತ್ತೆಂಟು ಡಬ್ಬಿ,
ಏನೂ ಕೇಳಿಸಲಿಲ್ಲ.
ಪೆನ್ನು ಹಿಡಿದು ಕಾದೆ.